ಸನ್ಫಾ ಗುಡಿಸಿದ ಮರಳು

ಸನ್ಫಾ ನೀರಿನ ಮೇಲೆ ಅಂಗಾತ ತೇಲುತ್ತಿದ್ದಳು. ಎರಡೂ ಕಿವಿ ನೀರೊಳಗೆ, ಮೂಗು ಬಾಯಿ ಮಾತ್ರ ಹೊರಗೆ.

ಹೀಗೆ ತೇಲಿದರೆ ಊರಿನ ಯಾವ ಸದ್ದೂ ಕೇಳುವುದಿಲ್ಲ. ಅಮ್ಮ ಕರೆದರೂ ಕೇಳುವುದಿಲ್ಲ. ಮೀನುಗಳು ಹವಳವನ್ನು ಕಟುಂ ಕಟುಂ ಎಂದು ಕಚ್ಚುವುದು ಕೇಳುತ್ತದೆ. ತಳದ ಮರಳು ಹೊರಳುವುದು ಕೇಳುತ್ತದೆ. ತನ್ನದೇ ಉಸಿರು ಯಾರೋ ಪಕ್ಕದಲ್ಲಿ ಮಲಗಿ ಬಿಡುವ ಉಸಿರಿನಂತೆ ಕೇಳುತ್ತದೆ. ಹಸಿದ ಹೊಟ್ಟೆಗೆ ಇದಕ್ಕಿಂತ ಒಳ್ಳೆಯ ಜಾಗ ವೇಲಿಫುರಾ ದ್ವೀಪದಲ್ಲಿ ಬೇರೆ ಇರಲಿಲ್ಲ.

ಧುಂ.

ಯಾರೋ ಬೆನ್ನಿಗೆ ಮೆಲ್ಲಗೆ ಗುದ್ದಿದಂತಾಯಿತು. ಸನ್ಫಾ ಥಟ್ಟನೆ ಎದ್ದು ನಿಂತಳು. ನೀರು ಅವಳ ಎದೆಯವರೆಗೆ ಬಂತು.

"ಕಲೋ! ಕೇಳಿಸ್ತಾ?"

ಚಿಕ್ಕಪ್ಪನ ಮಗ ಕಲೋ ಅಲ್ಲೇ ಗಾಳಕ್ಕೆ ಸಿಕ್ಕಿಸಲೆಂದು ಬಲೆಯಲ್ಲಿ ಸಣ್ಣ ಮರಿಮೀನು ಹಿಡಿಯುತ್ತಿದ್ದ. "ಏನು?"

"ಧುಂ ಅಂತು."

"ನಿನ್ನ ಹೊಟ್ಟೆ ಇರಬೇಕು. ಬೆಳಿಗ್ಗೆಯಿಂದ ಅದೇ ಕೂಗ್ತಾ ಇದೆ."

"ನೀರೊಳಗೆ ಕಿವಿ ಇಡೋ, ಮಂಗ!"

ಕಲೋ ಬಲೆ ಬಿಟ್ಟು ತಲೆ ಮುಳುಗಿಸಿದ. ಸನ್ಫಾ ಕೂಡ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೂರದಿಂದ, ಸಮುದ್ರದ ಆಚೆಯ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡಂತೆ, ಮತ್ತೊಮ್ಮೆ. ಧುಂ.

ಇಬ್ಬರೂ ಒಟ್ಟಿಗೆ ಮೇಲೆ ಬಂದರು. ಇಬ್ಬರ ಬಾಯಲ್ಲೂ ಒಂದೇ ಮಾತು.

"ಹಿಟ್ಟು!"

ಯುದ್ಧ ಶುರುವಾದ ಮೇಲೆ ದ್ವೀಪಗಳಿಗೆ ಅಕ್ಕಿ ಬರುವುದು ನಿಂತಿತ್ತು. ಸಮುದ್ರದ ತುಂಬ ಸಬ್‌ಮರೀನುಗಳು ಓಡಾಡುತ್ತಿವೆ, ಕಂಡ ಹಡಗನ್ನೆಲ್ಲ ಮುಳುಗಿಸುತ್ತಿವೆ ಎಂದು ರಾಜಧಾನಿ ಮಾಲೆಯಿಂದ ಸುದ್ದಿ ಬಂತು. ಆಮೇಲೆ ಸುದ್ದಿ ತರುವ ದೋಣಿಯೂ ಬರಲಿಲ್ಲ. ಸೀಮೆಎಣ್ಣೆ ಮುಗಿಯಿತು. ಬಟ್ಟೆ ಹರಿಯಿತು. ಗಾಳದ ಕೊಕ್ಕೆಗಳು ಒಂದೊಂದಾಗಿ ಸಮುದ್ರದ ಪಾಲಾದವು, ಹೊಸ ಕೊಕ್ಕೆ ಮಾರುವವರಿಲ್ಲ. ಅಪ್ಪ ಕೊಡೆಯ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿದ್ದ. ದೊಡ್ಡ ಮೀನು ಅದನ್ನು ನೆಟ್ಟಗೆ ಮಾಡಿ ಹೋಗುತ್ತಿತ್ತು. ಜನ ತೀರದ ಸೊಪ್ಪು ಬೇಯಿಸಿ ತಿಂದರು, ಬಾಳೆಯ ದಿಂಡು ತಿಂದರು, ಪರಂಗಿ ಮರದ ತಿರುಳನ್ನೂ ಬಿಡಲಿಲ್ಲ. ಪರಂಗಿ ಮರದ ತಿರುಳು ರುಚಿಯಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಅದನ್ನು ತಿಂದಿಲ್ಲ ಎಂದೇ ಲೆಕ್ಕ.

ಹೋದ ತಿಂಗಳು ಹೀಗೆಯೇ ಧುಂ ಎಂದು ಎರಡು ದಿನಕ್ಕೆ ತೀರದ ಮೇಲೆ ಮೂಟೆಗಳು ಬಂದು ಬಿದ್ದಿದ್ದವು. ಮುಟ್ಟಿದರೆ ಹಸಿ ಜೇಡಿಮಣ್ಣು. ಎಲ್ಲರೂ ಹಾಳಾಯಿತು ಎಂದುಕೊಂಡರು. ಊರಿನ ಯಜಮಾನರಾದ ಕತೀಬರು ಚಾಕುವಿನಿಂದ ಒಂದನ್ನು ಸೀಳಿದಾಗ, ನೀರು ಕುಡಿದ ಹಿಟ್ಟು ಹೊರಗೆ ಗಟ್ಟಿ ಗೋಡೆಯಾಗಿ ನಿಂತಿತ್ತು. ಒಳಗಿನದು ಒಣಗಿತ್ತು. ಬೆಳ್ಳಗೆ, ಮೆತ್ತಗೆ, ಊದಿದರೆ ಹಾರುವ ಗೋಧಿ ಹಿಟ್ಟು!

ಸಮುದ್ರ ತಂದು ಹಾಕಿದ್ದು ಏನೇ ಇರಲಿ, ಕತೀಬರ ಕೈಗೆ ಒಪ್ಪಿಸಬೇಕು. ಅದು ಹಳೆಯ ಕಟ್ಟಳೆ. ಮೊದಲೆಲ್ಲ ಅದು ಮಾಲೆಗೆ, ದೊರೆಯ ಉಗ್ರಾಣಕ್ಕೆ ಹೋಗುತ್ತಿತ್ತು. ಈಗ ಅಲ್ಲಿಗೆ ಹೋಗುವ ದೋಣಿಯೇ ಇಲ್ಲವಲ್ಲ, ಕತೀಬರು ಊರಿನ ನಲವತ್ತು ಮನೆಗೂ ಸಮನಾಗಿ ಹಂಚಿದರು. ಮನೆಗೆ ಮೂರು ತೆಂಗಿನ ಚಿಪ್ಪು ಹಿಟ್ಟು.

ಅವತ್ತು ಅಮ್ಮ ರೊಟ್ಟಿ ತಟ್ಟಿದಳು. ತೂಗುಮಂಚದಲ್ಲಿ ಮಲಗಿಯೇ ಇರುತ್ತಿದ್ದ ಅಜ್ಜಿ ವಾಸನೆಗೆ ಎದ್ದು ಕೂತಳು. ರೊಟ್ಟಿಯ ತುದಿಯನ್ನು ಮೀನಿನ ಗಟ್ಟಿ ಸಾರಿನಲ್ಲಿ ಅದ್ದಿ ಅದ್ದಿ ತಿಂದಳು. ತಿಂದಾದ ಮೇಲೆ ಕತೆಯೊಂದನ್ನು ಹೇಳಿದಳು. ಸನ್ಫಾ ಅಜ್ಜಿಯ ಕತೆ ಕೇಳಿ ಮೂರು ತಿಂಗಳಾಗಿತ್ತು.

ಈಗ ಅಜ್ಜಿ ಮತ್ತೆ ಮಲಗಿದ್ದಳು. ದಿಂಡು ಅಗಿಯಲು ಹಲ್ಲಿಲ್ಲ. ಸೊಪ್ಪು ಹೊಟ್ಟೆಗೆ ನಿಲ್ಲುತ್ತಿರಲಿಲ್ಲ. ಅಪ್ಪ ಅಜ್ಜಿಯನ್ನು ಎತ್ತಿ ಕೂರಿಸುವಾಗ ಒಂದು ಕೈಯಲ್ಲೇ ಎತ್ತುತ್ತಿದ್ದ.

ಸನ್ಫಾ ಒದ್ದೆ ಬಟ್ಟೆಯಲ್ಲೇ ಮನೆಗೆ ಓಡಿದಳು.

"ಅಜ್ಜಿ! ಧುಂ ಅಂತು! ಎರಡು ಸಲ! ಮತ್ತೆ ಹಿಟ್ಟು ಬರುತ್ತೆ!"

ಅಜ್ಜಿ ಕಣ್ಣು ಬಿಟ್ಟಳು. ತುಟಿ ಅಲ್ಲಾಡಿಸಿ ಸತ್ತವರಿಗಾಗಿ ಹೇಳುವ ದುವಾ ಹೇಳಿದಳು. ಆಮೇಲೆ, "ಬಾಯಿ ಮುಚ್ಚು" ಎಂದಳು.

ಅಷ್ಟೇ. ಸನ್ಫಾಗೆ ಅಳು ಬಂತು. ಅಜ್ಜಿ ಯಾವತ್ತೂ ಹಾಗೆ ಹೇಳಿದವಳಲ್ಲ.

ಊರಿನ ದೊಡ್ಡವರೂ ಸುದ್ದಿ ಕೇಳಿ ದುವಾ ಹೇಳಿದರು. ಮರುದಿನ ಬೆಳಕು ಹರಿಯುವ ಮೊದಲೇ ತೀರಕ್ಕೆ ಹೋಗಿ ನಿಂತವರೂ ಅವರೇ.

ಆದರೆ ಮರುದಿನ ಏನೂ ಬರಲಿಲ್ಲ. ಅದರ ಮರುದಿನ ನೀರಿನ ಮೇಲೆ ಕಪ್ಪು ಎಣ್ಣೆಯ ಪಟ್ಟಿ ಬಂತು, ಸುಟ್ಟ ಹಲಗೆಯೊಂದು ಬಂತು. ಹಿಟ್ಟು ಬರಲಿಲ್ಲ. ಜನ ಗೊಣಗಿಕೊಂಡು ಮನೆಗೆ ಹೋದರು.

ಸನ್ಫಾ ಮಾತ್ರ ನೀರಲ್ಲಿ ನಿಂತು, ಯಾರಿಗೂ ಕೇಳದಷ್ಟು ಮೆಲ್ಲಗೆ ಸಮುದ್ರಕ್ಕೆ ಹೇಳಿದಳು. "ಇನ್ನೊಂದು ಮುಳುಗಿಸು. ಹಿಟ್ಟು ಇರೋದು."

ಮೂರನೆಯ ದಿನ ತೀರ ಗುಡಿಸುವ ಸರದಿ ಸನ್ಫಾಳ ಮನೆಯದು.

ವೇಲಿಫುರಾದಲ್ಲಿ ತೀರವನ್ನು ದಿನಾ ಗುಡಿಸಬೇಕು. ಹಸಿವಿದ್ದರೂ ಗುಡಿಸಬೇಕು. ಮನೆಯಂಗಳ, ದಾರಿ, ತೀರ ಎಲ್ಲ ಹೆಂಗಸರ ಪಾಲು. ಗುಡಿಸದ ಮರಳು ಕಂಡರೆ ಕತೀಬರು ಅಂಗಳಕ್ಕೆ ಬಂದು ನಿಂತು ಊರಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದರು. ಅಮ್ಮನಿಗೆ ಜ್ವರ. ಆದ್ದರಿಂದ ಸನ್ಫಾ ಕಡ್ಡಿಪೊರಕೆ ಹಿಡಿದು ಪಡುವಣ ತೀರಕ್ಕೆ ಹೋದಳು.

ಬೆಳಕು ಇನ್ನೂ ಹಾಲಿನಂತಿತ್ತು. ಸಮುದ್ರಕ್ಕೂ ಆಕಾಶಕ್ಕೂ ನಡುವೆ ಗೆರೆ ಇರಲಿಲ್ಲ. ಮೋಡ ನೀರಿನೊಳಗೆ ಇತ್ತೋ ನೀರು ಮೋಡದೊಳಗೆ ಇತ್ತೋ ಹೇಳುವಂತಿರಲಿಲ್ಲ. ಸನ್ಫಾ ನಿದ್ದೆಗಣ್ಣಿನಲ್ಲಿ ಗುಡಿಸುತ್ತ ಹೋದಳು. ಸರ್, ಸರ್, ಸರ್. ಪೊರಕೆ ಎಡಕ್ಕೆ ಬಲಕ್ಕೆ ಬೀಸಿದಾಗ ಮರಳಿನ ಮೇಲೆ ಬೀಸಣಿಗೆಯಂಥ ಗೀರುಗಳು ಮೂಡುತ್ತಿದ್ದವು. ಒಂದು ಬೀಸಣಿಗೆಯ ಪಕ್ಕ ಇನ್ನೊಂದು.

ಇದ್ದಕ್ಕಿದ್ದಂತೆ ಪೊರಕೆ ನಿಂತಿತು.

ಮರಳಿನ ಮೇಲೆ ಒಂದು ಜಾಡು. ನೀರಿನಿಂದ ಶುರುವಾಗಿ, ದಿಬ್ಬ ಹತ್ತಿ, ಮೇಲಿನ ಕೇದಗೆ ಪೊದೆಯವರೆಗೆ ಹೋಗಿತ್ತು. ನಡುವೆ ಅಗಲವಾಗಿ ಏನನ್ನೋ ಎಳೆದ ಗುರುತು. ಎರಡೂ ಬದಿಗೆ, ಒಮ್ಮೆ ಎಡ ಒಮ್ಮೆ ಬಲ, ಮರಳು ತೋಡಿದ ಗುಳಿಗಳು.

ಆಮೆ!

ಆಮೆ ಮೇಲೆ ಹೋಗಿದೆ ಎಂದರೆ ಮೊಟ್ಟೆ ಇಟ್ಟಿದೆ. ಒಂದಲ್ಲ, ಎರಡಲ್ಲ, ನೂರು. ಮೆತ್ತನೆಯ, ಹಲ್ಲೇ ಬೇಡದ ಮೊಟ್ಟೆ. ಅಜ್ಜಿ ಒಂದು ತಿಂದರೆ ಕಣ್ಣು ಬಿಡುತ್ತಾಳೆ, ಎರಡು ತಿಂದರೆ ಕೂರುತ್ತಾಳೆ, ಮೂರನೆಯದಕ್ಕೆ ಕತೆ ಹೇಳುತ್ತಾಳೆ.

ಕತೀಬರಿಗೆ ಹೇಳಬೇಕು. ಹೇಳಿದರೆ ಹಂಚುತ್ತಾರೆ. ನೂರು ಮೊಟ್ಟೆ, ನಲವತ್ತು ಮನೆ. ಮನೆಗೆ ಎರಡೂವರೆ. ಅರ್ಧ ಮೊಟ್ಟೆಯನ್ನು ಹೇಗೆ ಕೊಡುತ್ತಾರೆ?

ಸನ್ಫಾ ಹಿಂದೆ ಮುಂದೆ ನೋಡಿದಳು. ಯಾರೂ ಇಲ್ಲ. ಈಗಲೇ ಅಗೆಯೋಣ ಎಂದರೆ ಇನ್ನು ಸ್ವಲ್ಪ ಹೊತ್ತಿಗೆ ಗಂಡಸರು ದೋಣಿ ಇಳಿಸಲು ಬರುತ್ತಾರೆ. ಪಾಠ ಮುಗಿಸಿ, ಕೋಲು ತಂದು, ಮರಳಿಗೆ ಚುಚ್ಚಿ ಹುಡುಕಿದರಾಯಿತು. ಅಲ್ಲಿಯವರೆಗೆ ಬೇರೆ ಯಾರ ಕಣ್ಣಿಗೂ ಇದು ಬೀಳಬಾರದು.

ಅವಳು ಪೊದೆಯ ಹತ್ತಿರದಿಂದ ಶುರು ಮಾಡಿದಳು. ಜಾಡಿನ ಉದ್ದಕ್ಕೂ ಪೊರಕೆ ಎಳೆದಳು, ಮೇಲಿನಿಂದ ಕೆಳಗೆ, ನೀರಿನವರೆಗೆ. ಮತ್ತೆ ಮೇಲೆ ಹೋಗಿ ಮತ್ತೆ ಕೆಳಗೆ. ಒಂದು ಗುಳಿಯೂ ಉಳಿಯದಂತೆ.

"ಏಯ್! ಅದೇನು ಗುಡಿಸೋ ರೀತಿ?"

ಸನ್ಫಾ ತಿರುಗಿ ನೋಡಿದಳು. ಕಲೋ, ಹೆಗಲ ಮೇಲೆ ದೋಣಿಯ ಹುಟ್ಟು ಹೊತ್ತು ನಿಂತಿದ್ದ.

"ಯಾಕೆ? ಏನಾಯ್ತು?"

"ಎಲ್ಲರೂ ಅಡ್ಡ ಗುಡಿಸ್ತಾರೆ. ನೀನು ಉದ್ದ ಗುಡಿಸ್ತಿದ್ದೀಯ. ಸಮುದ್ರಕ್ಕೆ ತಲೆ ಬಾಚ್ತಿದ್ದೀಯಾ?"

"ನನ್ನ ಪೊರಕೆ, ನನ್ನಿಷ್ಟ. ನೀನು ಹೋಗಿ ಮೀನು ಹಿಡಿ. ನಿನ್ನೆ ಹಿಡಿದದ್ದು ನೋಡಿ ಬೆಕ್ಕೂ ನಗ್ತಿತ್ತು."

ಕಲೋ ನಾಲಗೆ ಚಾಚಿ ಹೋದ. ಸನ್ಫಾ ಉಳಿದ ತೀರವನ್ನು ಸರಸರ ಗುಡಿಸಿ ಮುಗಿಸಿದಳು. ಹಿಂದಿರುಗಿ ನೋಡಿದರೆ ಮರಳು ಒಗೆದು ಹಾಸಿದ ಬಟ್ಟೆಯಂತಿತ್ತು. ಒಂದು ಗುರುತೂ ಇರಲಿಲ್ಲ.

ರಾಹಿಲಾ ದತ್ತಾ, ಎಂದರೆ ರಾಹಿಲಾ ಅಕ್ಕ, ತಮ್ಮ ಮನೆಯ ಜಗುಲಿಯಲ್ಲಿ ಊರಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಕಾಗದ ಯುದ್ಧಕ್ಕೆ ಮೊದಲೂ ಇರಲಿಲ್ಲ. ಪ್ರತಿ ಮಗುವಿಗೂ ಒಂದು ಮರದ ಹಲಗೆ, ಅದರ ಮೇಲೆ ತೆಳುವಾಗಿ ಹರಡಿದ ಬಿಳಿ ಮರಳು. ಬೆರಳಿನಿಂದ ಬರೆಯಬೇಕು. ದತ್ತಾ ನೋಡಿ "ಹೂಂ" ಎಂದ ಮೇಲೆ ಹಲಗೆ ಅಲುಗಿಸಿ ಅಳಿಸಬೇಕು.

"ಸನ್ಫಾ, ನಿದ್ದೆ ಮಾಡ್ತಿದ್ದೀಯಾ?"

"ಇಲ್ಲ ದತ್ತಾ."

"ಹಾಗಾದ್ರೆ ಬಾಯಿ ಯಾಕೆ ತೆರೆದಿದೆ? ನೊಣ ಹಿಡಿಯೋಕಾ?"

ಮಕ್ಕಳು ನಕ್ಕರು. ಸನ್ಫಾ ಬೆರಳನ್ನು ಮರಳಿಗಿಟ್ಟಳು. ಅಕ್ಷರ ಬರೆಯಲಿಲ್ಲ. ಮನಸ್ಸು ಕೇದಗೆ ಪೊದೆಯ ಕೆಳಗಿತ್ತು. ತಣ್ಣನೆಯ ಮರಳು, ಅದರಡಿ ದುಂಡಗೆ ಬೆಳ್ಳಗೆ ನೂರು ಚಂದ್ರರು. ಬೆರಳು ತಾನೇ ಓಡಿ ಆಮೆಯ ಜಾಡು ಬರೆಯಿತು. ನೀರಿನಿಂದ ಮೇಲಕ್ಕೆ ಒಂದು ಗೆರೆ. ಬದಿಯಲ್ಲಿ ಚುಕ್ಕಿಗಳು. ಅಲ್ಲಿ ಮೊಟ್ಟೆ. ಆಮೇಲೆ ಮೇಲಿನಿಂದ ನೀರಿಗೆ ಇನ್ನೊಂದು ಗೆರೆ, ಆಮೆ ವಾಪಸ್ ಹೋದದ್ದು.

ಬೆರಳು ನಿಂತಿತು.

ಹಲಗೆಯ ಮೇಲೆ ಎರಡು ಗೆರೆ ಇದ್ದವು. ತೀರದಲ್ಲಿ ಇದ್ದದ್ದು ಒಂದೇ.

ಆಮೆ ಮೇಲೆ ಹೋಗುತ್ತದೆ, ಮೊಟ್ಟೆ ಇಟ್ಟು ವಾಪಸ್ ಬರುತ್ತದೆ. ಸನ್ಫಾ ಹುಟ್ಟಿದಾಗಿನಿಂದ ನೋಡಿದ ಆಮೆಯ ಜಾಡೆಲ್ಲ ಜೋಡಿ ಗೆರೆ. ಬಂದದ್ದು ವಾಪಸ್ ಹೋಗಿಲ್ಲ. ಬಂದದ್ದು ಇನ್ನೂ ಅಲ್ಲೇ ಇದೆ.

ಈಗ ಇನ್ನೊಂದು ನೆನಪಾಯಿತು. ಪೊರಕೆ ಎಳೆಯುವಾಗ ಕಂಡಿತ್ತು, ನಿದ್ದೆಗಣ್ಣು, ಆಸೆಗಣ್ಣು, ಮನಸ್ಸಿಗೆ ಇಳಿದಿರಲಿಲ್ಲ. ಒಂದು ಗುಳಿಯ ಮುಂದೆ ಸಣ್ಣ ಸಣ್ಣ ಗೀರುಗಳಿದ್ದವು. ಐದು.

ಸನ್ಫಾ ತನ್ನ ಕೈಯನ್ನು ನೋಡಿಕೊಂಡಳು. ಐದು ಬೆರಳನ್ನೂ ಮರಳಿಗೆ ಊರಿ ಮೆಲ್ಲಗೆ ಎಳೆದಳು. ಅದೇ ಗುರುತು.

ಹಲಗೆ ಮಡಿಲಿನಿಂದ ಜಾರಿ ಬಿತ್ತು. ಮರಳು ಜಗುಲಿಯ ತುಂಬ ಚೆಲ್ಲಿತು. "ಸನ್ಫಾ! ಎಲ್ಲಿಗೆ?" ಎಂದು ದತ್ತಾ ಕೂಗುವಷ್ಟರಲ್ಲಿ ಅವಳು ದಾರಿಯ ತಿರುವಿನಲ್ಲಿದ್ದಳು.

ಪಡುವಣ ತೀರ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕೇದಗೆ ಪೊದೆ ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ ಗೋಡೆಯಂತೆ ಬೆಳೆದಿತ್ತು. ಮುಳ್ಳು, ಕತ್ತಲು. ತೆವಳಿ ಬಂದವನು ಎಲ್ಲಿಂದ ಹೊಕ್ಕ? ಇಲ್ಲಿ? ಅಲ್ಲಿ? ಎಲ್ಲ ಕಡೆಯೂ ಒಂದೇ ಥರ ಕಾಣುತ್ತಿತ್ತು. ಅವಳೇ ಗುಡಿಸಿದ್ದಳು.

"ಯಾರಾದ್ರೂ ಇದ್ದೀರಾ?"

ಅಲೆ ಮಾತ್ರ ಬಂತು, ಹೋಯಿತು.

ಒಬ್ಬಳೇ ಹುಡುಕುತ್ತ ಹೋದರೆ ಸಂಜೆಯಾಗುತ್ತದೆ. ಮೂರು ದಿನ ಉಪ್ಪುನೀರಲ್ಲಿ ತೇಲಿದವನು ಸಂಜೆಯವರೆಗೆ ಕಾಯುತ್ತಾನೆಯೇ? ಊರವರನ್ನು ಕರೆಯಬೇಕು. ಕರೆದರೆ, "ಗುರುತು ಎಲ್ಲಿ?" ಎಂದು ಕೇಳುತ್ತಾರೆ. ಆಗ ಹೇಳಬೇಕು. ಮೊಟ್ಟೆಯ ಆಸೆ, ಪೊರಕೆ, ಎಲ್ಲವನ್ನೂ ನಲವತ್ತು ಮನೆಯವರ ಮುಂದೆ. ಹಸಿದ ಊರಿನಲ್ಲಿ ಬಚ್ಚಿಟ್ಟು ತಿನ್ನಲು ಹೊರಟವಳಿಗೆ ಏನು ಹೆಸರಿಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಕಾಲು ಒಂದು ಕ್ಷಣ ಮರಳಿಗೆ ಅಂಟಿಕೊಂಡಿತು. ಒಂದೇ ಕ್ಷಣ. ಆಮೇಲೆ ಅವಳು ದೋಣಿಮನೆಯ ಕಡೆ ಓಡಿದಳು.

ದೋಣಿಮನೆಯ ನೆರಳಲ್ಲಿ ಕತೀಬರು ಹಗ್ಗ ಹೆಣೆಯುತ್ತ ಕೂತಿದ್ದರು. ಸುತ್ತ ಹತ್ತು ಹನ್ನೆರಡು ಗಂಡಸರು, ಬರಿಗೈಯಲ್ಲಿ ವಾಪಸ್ ಬಂದ ಅಪ್ಪ, ಕಲೋ.

"ಪೊದೆಯಲ್ಲಿ ಮನುಷ್ಯ ಇದ್ದಾನೆ" ಎಂದಳು ಸನ್ಫಾ. ಉಸಿರು ಸಿಗುತ್ತಿರಲಿಲ್ಲ.

"ಯಾವ ಮನುಷ್ಯ?"

"ಹಡಗಿನವನು. ತೆವಳಿಕೊಂಡು ಬಂದಿದ್ದಾನೆ. ಜಾಡು ಇತ್ತು. ನಾನು ಆಮೆ ಅಂದ್ಕೊಂಡೆ. ಮೊಟ್ಟೆ ನಮ್ಮನೆಗೇ ಇರ್ಲಿ ಅಂತ... ಗುಡಿಸಿಬಿಟ್ಟೆ."

ಅಪ್ಪ ತಲೆ ತಗ್ಗಿಸಿದ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಕತೀಬರು ಹಗ್ಗವನ್ನು ನೆಲಕ್ಕೆ ಬಡಿದು ಎದ್ದರು. "ಇವಳನ್ನು ಬಯ್ಯೋದು ಆಮೇಲೆ. ನಡೀರಿ! ಒಂದು ತುದಿಯಿಂದ ಪೊದೆ ಕಡೀರಿ!"

ಎಲ್ಲರೂ ಒಟ್ಟಿಗೆ ತೀರಕ್ಕೆ ನುಗ್ಗಿದರು. ಅಷ್ಟರಲ್ಲಿ ಸನ್ಫಾಳ ಹಿಂದೆಯೇ ಓಡುತ್ತಿದ್ದ ಕಲೋ ಏದುಸಿರು ಬಿಡುತ್ತ ಕೇಳಿದ. "ಬೆಳಿಗ್ಗೆ ಸಮುದ್ರಕ್ಕೆ ತಲೆ ಬಾಚ್ತಿದ್ಯಲ್ಲ, ಅಲ್ಲೇನಾ?"

ಸನ್ಫಾ ಕಲೋನ ಮುಖ ನೋಡಿದಳು. ತೀರ ನೋಡಿದಳು. ಆಮೇಲೆ ಗಂಟಲು ಹರಿಯುವಂತೆ ಕಿರುಚಿದಳು.

"ನಿಲ್ಲಿ! ಯಾರೂ ಮರಳು ತುಳೀಬೇಡಿ!"

ಹತ್ತು ವರ್ಷದ ಹುಡುಗಿಯೊಬ್ಬಳು ಕತೀಬರಿಗೆ ನಿಲ್ಲಿ ಎಂದದ್ದು ವೇಲಿಫುರಾದಲ್ಲಿ ಅದೇ ಮೊದಲು. ಕತೀಬರು ಎತ್ತಿದ ಕಾಲು ಎತ್ತಿದಂತೆಯೇ ನಿಂತರು.

ಸನ್ಫಾ ನೀರಿನ ಅಂಚಿನಲ್ಲಿ, ಒದ್ದೆ ಮರಳಿನ ಮೇಲೆ ಮಾತ್ರ ಕಾಲಿಡುತ್ತ ನಡೆದಳು. ಕಣ್ಣು ಮೇಲಿನ ಒಣ ಮರಳಿನ ಮೇಲೆ. ಬೀಸಣಿಗೆ. ಬೀಸಣಿಗೆ. ಬೀಸಣಿಗೆ. ಎಲ್ಲ ಗೀರುಗಳೂ ಅಡ್ಡ. ಬೀಸಣಿಗೆ. ಬೀಸಣಿಗೆ.

ಅಲ್ಲಿ!

ಒಂದು ಕಡೆ ಮಾತ್ರ ಗೀರುಗಳು ಉದ್ದಕ್ಕೆ ಇದ್ದವು. ನೀರಿನಿಂದ ಪೊದೆಗೆ, ಬಾಚಿದ ಕೂದಲಿನಂತೆ ನೆಟ್ಟಗೆ. ಜಾಡನ್ನು ಅಳಿಸಿದ ಪೊರಕೆಯೇ ಜಾಡು ಬರೆದಿಟ್ಟಿತ್ತು.

"ಇಲ್ಲಿ!" ಎಂದಳು.

ಅವನು ಕೇದಗೆಯ ಬೇರುಗಳ ನಡುವೆ ಮಗುಚಿ ಬಿದ್ದಿದ್ದ. ಮೈಯೆಲ್ಲ ಕಪ್ಪು ಎಣ್ಣೆ. ಎದೆಗೆ ಕಟ್ಟಿದ ತೇಲುಜಾಕೀಟು ಅರ್ಧ ಹರಿದಿತ್ತು. ಮೊಣಕೈಗಳ ಚರ್ಮ ಇರಲಿಲ್ಲ. ಅಪ್ಪ ಅವನ ಮೂಗಿನ ಕೆಳಗೆ ಬೆರಳಿಟ್ಟು, "ಇದೆ" ಎಂದ.

ಕಲೋ ಆಗಲೇ ತೆಂಗಿನ ಮರದ ಅರ್ಧದಲ್ಲಿದ್ದ. ಎಳನೀರು ಕೆಳಗೆ ಬಿತ್ತು. ಕತೀಬರೇ ಬಟ್ಟೆಯ ತುದಿ ಅದ್ದಿ ಅವನ ತುಟಿಗೆ ಹನಿ ಹನಿಯಾಗಿ ಹಿಂಡಿದರು. ಹತ್ತನೆಯ ಹನಿಗೋ ಹನ್ನೊಂದನೆಯ ಹನಿಗೋ ಗಂಟಲು ಅಲ್ಲಾಡಿತು.

ಸನ್ಫಾಳ ಮನೆಯೇ ಹತ್ತಿರ. ದೋಣಿಯ ಹಾಯಿಯಲ್ಲಿ ಮಲಗಿಸಿ ಅಲ್ಲಿಗೇ ಹೊತ್ತು ತಂದರು. ಅಜ್ಜಿ ತೂಗುಮಂಚದಿಂದ ತಾನೇ ಇಳಿದಳು. ಗೋಡೆ ಹಿಡಿದುಕೊಂಡು ಇಳಿದು, "ಇಲ್ಲಿ ಮಲಗಿಸಿ" ಎಂದಳು.

ಆಮೇಲೆ ಪೆಟ್ಟಿಗೆಯ ತಳದಿಂದ ಒಂದು ಅರಗಿನ ಡಬ್ಬಿ ತೆಗೆದಳು. ಅದರಲ್ಲಿ ಒಂದು ಚಿಪ್ಪು ಬಿಳಿ ಹಿಟ್ಟಿತ್ತು.

"ಅಮ್ಮಾ! ನಿಮ್ಮ ಪಾಲಿನ ಹಿಟ್ಟು ತಿಂದಿರಲಿಲ್ವಾ?" ಎಂದ ಅಪ್ಪ.

"ತಿಂದೆ. ಪೂರ್ತಿ ತಿನ್ನಲಿಲ್ಲ. ಈ ಹುಡುಗಿಗೆ ಅಂತ ಇಟ್ಟಿದ್ದೆ."

ಅಜ್ಜಿ ಸನ್ಫಾಳ ಮುಖ ನೋಡಲಿಲ್ಲ. ಸನ್ಫಾಗೆ ನೆಲ ಬಿಟ್ಟು ಬೇರೆಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಹಿಟ್ಟಿನ ತೆಳು ಗಂಜಿ ಕುಡಿದು ಆ ಮನುಷ್ಯ ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟ. ಆಡಿದ ಮಾತು ಇವರ ಮಾತೇ, ಆದರೆ ಬೇರೆ ದಡದಲ್ಲಿ ಬೆಳೆದ ಮಾತು.

"ಇದು ಯಾವ ಊರು ಮಾರಾಯ್ರೆ?"

"ವೇಲಿಫುರಾ. ನೀನು ಯಾವ ಕಡೆಯವನಪ್ಪ?" ಎಂದರು ಕತೀಬರು.

"ನಾನು ಮಲಿಕು ದ್ವೀಪದವ. ಇಲ್ಲಿಂದ ಬಡಗು. ಹೆಸರು ಆದಂ ಮಣಿಕು. ಹಡಗಿನಲ್ಲಿ ಭಂಡಾರಿ. ಅಡುಗೆ ನಂದೇ."

ಕಲೋಗೆ ತಡೆಯಲಾಗಲಿಲ್ಲ. "ಸಬ್‌ಮರೀನ್ ನೋಡಿದ್ರಾ? ಎಷ್ಟು ದೊಡ್ಡದು? ಕಣ್ಣು ಇರುತ್ತಾ?"

"ಮೊದಲು ಏನೂ ಕಾಣಲಿಲ್ಲ ಮಗಾ. ನಾನು ಚಹಾಕ್ಕೆ ನೀರಿಟ್ಟಿದ್ದೆ. ಒಮ್ಮೆ ಧಡ್ ಅಂತ ಆಯ್ತು. ನೋಡುವಾಗ ನಾನು ನೀರಿನಲ್ಲಿ ಇದ್ದೇನೆ, ಕೆಟಲ್ ಕೈಯಲ್ಲೇ ಉಂಟು. ಮತ್ತೆ ಒಂದು ಧಡ್. ಹಡಗು ಇಲ್ಲ. ಆಮೇಲೆ ಅದು ಮೇಲೆ ಬಂತು. ತಿಮಿಂಗಿಲದ ಹಾಗೆ, ಕರಿ ಬೆನ್ನು. ಬೆನ್ನ ಮೇಲೆ ಹುಡುಗರು ಬಂದು ನಿಂತರು. ಎಲ್ಲ ಎಳೆಯ ಹುಡುಗರು. ಒಬ್ಬ ತನ್ನ ಅಂಗಿ ಹಿಂಡಿ ಒಣಗಲಿಕ್ಕೆ ಹಾಕಿದ. ನಮ್ಮನ್ನು ನೋಡಿದರು. ಆಮೇಲೆ ಒಳಗೆ ಹೋದರು. ಅದು ಮುಳುಗಿತು. ನೀರು ಮತ್ತೆ ಚಾಪೆಯ ಹಾಗೆ ಸಪಾಟು."

ಆದಂ ಬಟ್ಟಲನ್ನು ಕೈಯಲ್ಲಿ ತಿರುಗಿಸಿ ನೋಡಿದ. ತಳದಲ್ಲಿ ಬೆಳ್ಳಗೆ ಅಂಟಿದ್ದನ್ನು ಬೆರಳಲ್ಲಿ ತೆಗೆದು ಹೆಬ್ಬೆರಳಿನೊಂದಿಗೆ ಉಜ್ಜಿದ.

"ಇದು ಹಡಗಿನ ಹಿಟ್ಟು" ಎಂದ. "ಇಷ್ಟು ನಯ ಬೇರೆ ಎಲ್ಲಿಯೂ ಸಿಗುವುದಿಲ್ಲ. ನಿಮಗೆ ಎಲ್ಲಿಂದ ಬಂತು?"

ಕತೀಬರು ಕೆಮ್ಮಿದರು. "ಹೋದ ತಿಂಗಳು... ತೇಲಿಕೊಂಡು ಬಂತು."

"ನಮಗಿಂತ ಮೊದಲು ಒಂದು ಹಡಗು ಈ ದಾರಿಯಲ್ಲೇ ಬಂದಿತ್ತು. ಅದರದ್ದಿರಬೇಕು." ಆದಂ ತಲೆ ಎತ್ತಿ ಎಲ್ಲರನ್ನೂ ನೋಡಿದ. "ಹಿಟ್ಟಿನ ಜೊತೆಗೆ ಎಷ್ಟು ಜನ ಬಂದರು?"

ಕತೀಬರು ಮುಖ ತಿರುಗಿಸಿದರು. ಕೊನೆಗೆ ಅಜ್ಜಿಯೇ ಹೇಳಿದಳು.

"ಯಾರೂ ಬರಲಿಲ್ಲಪ್ಪ. ಹಿಟ್ಟು ಮಾತ್ರ."

ಆದಂ ಬಟ್ಟಲನ್ನೇ ನೋಡುತ್ತಿದ್ದ. ಆಮೇಲೆ ಬೆರಳಿನಿಂದ ಬಳಿದು ಬಳಿದು, ಒಂದು ಕಲೆಯೂ ಉಳಿಯದಂತೆ ತಿಂದ.

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಸನ್ಫಾ ಕಂಬದ ಹಿಂದೆ ನಿಂತೇ ಇದ್ದಳು. ಸಮುದ್ರಕ್ಕೆ ತಾನು ಹೇಳಿದ್ದ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅಡ್ಡವಾಗಿತ್ತು. ಅದು ಹೊರಗೆ ಬರಲಿಲ್ಲ. ಬೇರೆಯದು ಬಂತು.

"ನಿಮ್ಮ ಜಾಡು ಗುಡಿಸಿದ್ದು ನಾನು."

ಆದಂ ತಲೆ ಹೊರಳಿಸಿದ. "ಆ ಪೊರಕೆ ನಿನ್ನದಾ?"

"ಹೂಂ."

"ನಂಗೆ ಕೇಳ್ತಾ ಇತ್ತು."

ಸನ್ಫಾ ಕಂಬ ಬಿಟ್ಟು ಮುಂದೆ ಬಂದಳು. "ಕೇಳ್ತಿತ್ತಾ? ಮತ್ತೆ ಯಾಕೆ ಕೂಗಲಿಲ್ಲ?"

"ಸರ್, ಸರ್ ಅಂತ." ಆದಂ ಕಣ್ಣು ಮುಚ್ಚಿದ. "ನಮ್ಮ ಊರಿನಲ್ಲಿ ನನ್ನ ಅಮ್ಮನೂ ಹಾಗೆಯೇ ಗುಡಿಸ್ತಾಳೆ, ಬೆಳಗಾಗುವಾಗ. ನಾನು ಎಣಿಸಿದೆ, ಮನೆಗೆ ಮುಟ್ಟಿದೆ ಅಂತ. ಅಮ್ಮ ಹೊರಗೆ ಇದ್ದಾಳೆ, ಗುಡಿಸಿ ಆದ ಮೇಲೆ ಒಳಗೆ ಬರ್ತಾಳೆ, ಚಹಾ ಕೊಡ್ತಾಳೆ. ಮತ್ತೆ ಕೂಗುವುದು ಯಾಕೆ? ಸುಮ್ಮನೆ ಮಲಗಿದೆ."

ಅವನು ಅಷ್ಟು ಹೇಳಿ ನಿದ್ದೆಹೋದ. ಸನ್ಫಾ ಅವನ ಉಸಿರು ಕೇಳುತ್ತ ನಿಂತಳು. ನೀರೊಳಗೆ ಕಿವಿ ಇಟ್ಟಾಗ ಪಕ್ಕದಲ್ಲೇ ಕೇಳುವ ಉಸಿರಿನಂತೆಯೇ ಇತ್ತು.

ಅವಳನ್ನು ಬಯ್ಯುವುದನ್ನು ಕತೀಬರು ಮರೆಯಲಿಲ್ಲ. ಮರುದಿನ ಅಂಗಳಕ್ಕೇ ಬಂದು, ಊರಿಗೆಲ್ಲ ಕೇಳುವಂತೆ, ಒಂದು ಸುತ್ತು ಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಬಯ್ದರು. ಆದಂ ಮಣಿಕು ಇಪ್ಪತ್ತು ದಿನ ಇದ್ದ. ತೀರದ ಸೊಪ್ಪಿಗೆ ತೆಂಗಿನ ಹಾಲು ಹಾಕಿ ಒಂದು ಪಲ್ಯ ಮಾಡುವುದನ್ನು ಊರಿನ ಹೆಂಗಸರಿಗೆ ಕಲಿಸಿದ. ಅದೂ ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ಅಜ್ಜಿಯ ಹೊಟ್ಟೆಗೆ ನಿಂತಿತು. ಆಮೇಲೆ ಧೈರ್ಯ ಮಾಡಿ ಬಡಗು ದಿಕ್ಕಿಗೆ ಹೊರಟ ದೋಣಿಯೊಂದನ್ನು ಹತ್ತಿ ಹೋದ.

ಅವನು ಹೋದ ಎಂಟನೆಯ ದಿನ. ಸನ್ಫಾ ಅಂಗಾತ ತೇಲುತ್ತಿದ್ದಳು. ಕಿವಿಗಳೆರಡೂ ನೀರೊಳಗೆ.

ಧುಂ.

ಅವಳು ಎದ್ದು ನಿಂತಳು. ಪಕ್ಕದಲ್ಲಿ ಕಲೋ ಕೂಡ ತಲೆ ಎತ್ತಿದ. ಅವನಿಗೂ ಕೇಳಿಸಿತ್ತು. ಅವನ ತುಟಿ "ಹಿ" ಎಂದು ತೆರೆದದ್ದು ಅಲ್ಲೇ ನಿಂತಿತು. ಇಬ್ಬರೂ ತೀರದ ಆಳವಿಲ್ಲದ ನೀರು ದೊಡ್ಡ ಸಮುದ್ರಕ್ಕೆ ಸೇರುವ ದೂರದ ಬಿಳಿ ಗೆರೆಯನ್ನೇ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಮೋಡ ನೀರಿನೊಳಗೆ ನಿದ್ದೆ ಮಾಡುತ್ತಿತ್ತು.

ಅದಾದ ಮೂರನೆಯ ಬೆಳಿಗ್ಗೆ ತೀರ ಗುಡಿಸುವ ಸರದಿ ಬೇರೆ ಮನೆಯದು. ಸನ್ಫಾ ಕೇಳಿ ತನ್ನ ಮೇಲೆ ಹಾಕಿಕೊಂಡಳು. ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಎಳನೀರು.

"ಗುಡಿಸಲ್ವಾ?" ಎಂದ ಕಲೋ. ಅವನೂ ಬಂದಿದ್ದ, ಕೇಳದಿದ್ದರೂ.

"ನೋಡಿ ಆಮೇಲೆ."

ಇಬ್ಬರೂ ನೀರಿನ ಅಂಚಿನಲ್ಲೇ ತುದಿಯವರೆಗೆ ನಡೆದರು. ಏಡಿಗಳು ಬರೆದ ಗೀಚುಗಳಿದ್ದವು. ಹಕ್ಕಿಯ ಕಾಲಿನ ಗುರುತು ಇತ್ತು. ಬೇರೆ ಏನೂ ಇರಲಿಲ್ಲ. ಮತ್ತೆ ಈ ತುದಿಗೆ ಬಂದು, ಸನ್ಫಾ ಎಳನೀರನ್ನು ಕೇದಗೆ ಪೊದೆಯ ನೆರಳಲ್ಲಿ ಇಟ್ಟಳು. ಆಮೇಲೆ ಪೊರಕೆ ಎತ್ತಿದಳು.

ಸರ್. ಸರ್. ಸರ್.

ನಿಲ್ಲಿಸಿದಳು. ಪೊದೆಯ ಕಡೆಗೆ ಕಿವಿಗೊಟ್ಟಳು. ಗಾಳಿ ಮಾತ್ರ.

ಸರ್. ಸರ್.

ಮತ್ತೆ ನಿಲ್ಲಿಸಿದಳು.